ಅಲ್ಬೇನಿಯಾದ ಜನ ಅಷ್ಟು ಸುಲಭವಾಗಿ ಮೋಸ ಹೋದದ್ದು ಹೇಗೆ?

ಪ್ರಶ್ನೆ: 1997ರಲ್ಲಿ ಅಲ್ಬೇನಿಯಾ ದೇಶವೇ ಹಣ ಡಬಲ್ ಮಾಡಿಕೊಡುವ ಕಂಪನಿಗಳನ್ನು ನಂಬಿ ಮುಳುಗಿತಂತೆ. ನಾಲ್ಕು ಜನ ಮೋಸ ಹೋಗಬಹುದು, ಇಡೀ ದೇಶ ಹೇಗೆ ಹೋಗುತ್ತೆ? ಅಷ್ಟೊಂದು ದುರಾಸೆಯಾ? ಆಮೇಲೆ ಚೇತರಿಸಿಕೊಂಡರಾ?

ಉತ್ತರ: ದುರಾಸೆ ಇರಲಿಲ್ಲ ಅಂತಲ್ಲ. ಆದರೆ ಈ ಕಥೆಯ ಕೊನೆಯ ಮೂರ್ನಾಲ್ಕು ತಿಂಗಳಿಗೆ ಮಾತ್ರ ಆ ಉತ್ತರ ಸಾಕು. ಅದಕ್ಕೆ ಮುಂಚೆ ನಡೆದದ್ದೇ ಬೇರೆ.

ಅಲ್ಬೇನಿಯಾ ಆಗ 30 ಲಕ್ಷ ದಾಟಿದ ಜನರ ದೇಶ. 1985ರಲ್ಲಿ ತೀರಿಕೊಂಡ ಕಮ್ಯುನಿಸ್ಟ್ ಸರ್ವಾಧಿಕಾರಿ ಎನ್ವರ್ ಹೋಜಾ ನಾಲ್ಕು ದಶಕ ಅದನ್ನು ಹೊರಜಗತ್ತಿನಿಂದ ಮುಚ್ಚಿಟ್ಟಿದ್ದ. ಸ್ವಂತ ಕಾರು ಇಟ್ಟುಕೊಳ್ಳುವ ಹಾಗಿರಲಿಲ್ಲ. ವಿದೇಶಿ ಸಾಲವನ್ನು 1976ರ ಸಂವಿಧಾನವೇ ನಿಷೇಧಿಸಿತ್ತು. ಷೇರು, ಬಡ್ಡಿ ಪೈಪೋಟಿ, ದಿವಾಳಿಯಾಗುವ ಕಂಪನಿ, ಇವನ್ನೆಲ್ಲ ಒಂದು ಇಡೀ ತಲೆಮಾರು ಕಣ್ಣಲ್ಲಿ ಕಂಡೇ ಇರಲಿಲ್ಲ.

ಕಮ್ಯುನಿಸ್ಟ್ ಆಡಳಿತ ಕುಸಿದಾಗ ಕಾರ್ಖಾನೆಗಳು ಮುಚ್ಚಿದವು. ಲಕ್ಷಾಂತರ ಜನ ಕೂಲಿ ಹುಡುಕಿಕೊಂಡು ಗ್ರೀಸ್, ಇಟಲಿಗೆ ಹೋದರು. ಅಲ್ಲಿಂದ ಮನೆಗೆ ದುಡ್ಡು ಬರತೊಡಗಿತು. ಆ ದುಡ್ಡನ್ನು ಎಲ್ಲಿಡಬೇಕು? ದೇಶದ ಠೇವಣಿಯಲ್ಲಿ ಶೇ. 90ಕ್ಕಿಂತ ಜಾಸ್ತಿ ಮೂರೇ ಸರ್ಕಾರಿ ಬ್ಯಾಂಕುಗಳಲ್ಲಿತ್ತು. ಅವು ಕೊಟ್ಟ ಸಾಲಗಳು ವಾಪಸ್ ಬರದೆ ಕೂತಿದ್ದವು, ಹಾಗಾಗಿ ಹೊಸ ಸಾಲಕ್ಕೆ ಕಡಿವಾಣ ಬಿತ್ತು. ಅಂಗಡಿ ಇಡಬೇಕು ಅಂತ ಹೊರಟವನಿಗೆ ಬ್ಯಾಂಕಿನಿಂದ ಏನೂ ಹುಟ್ಟುತ್ತಿರಲಿಲ್ಲ.

ಈ ಖಾಲಿ ಜಾಗಕ್ಕೆ ಖಾಸಗಿ ಲೇವಾದೇವಿಯವರು ಬಂದರು. ಒಬ್ಬರಿಂದ ಠೇವಣಿ ತಗೊಂಡು ಇನ್ನೊಬ್ಬರಿಗೆ ಸಾಲ ಕೊಟ್ಟರು. ಕಾನೂನಿಗೆ ಇದು ಒಪ್ಪುವಂಥದ್ದಲ್ಲ, ಆದರೆ ವ್ಯಾಪಾರ ನಡೆಯುತ್ತಿದ್ದದ್ದೇ ಅದರಿಂದ. 1993ರಿಂದ 95ರವರೆಗೆ ಅಲ್ಬೇನಿಯಾದ ಆರ್ಥಿಕತೆ ವರ್ಷಕ್ಕೆ ಶೇ. 9ರ ಆಸುಪಾಸಿನಲ್ಲಿ ಬೆಳೆಯಿತು. ಸರ್ಕಾರವೂ ಕಂಡೂ ಕಾಣದ ಹಾಗೆ ಇತ್ತು.

ಅದೇ ಗುಂಪಿನಲ್ಲಿ ನಮ್ಮಲ್ಲಿ ಬ್ಲೇಡ್ ಕಂಪನಿ ಅಂತೀವಲ್ಲ, ಆ ಜಾತಿಯವೂ ಬೆಳೆದವು. ಹೊಸಬರ ಠೇವಣಿಯಲ್ಲಿ ಹಳಬರ ಬಡ್ಡಿ ತೀರಿಸುವುದು ಅವುಗಳ ಕಸುಬು. ಎರಡರಲ್ಲಿ ಯಾವುದು ಯಾವುದು ಅಂತ ಹೊರಗಿನಿಂದ ಗೊತ್ತಾಗುವುದು ಕಷ್ಟ. ಎಲ್ಲಕ್ಕಿಂತ ದೊಡ್ಡದಾದ ವೇಫಾ ಸೂಪರ್‌ಮಾರ್ಕೆಟ್ಟುಗಳನ್ನೇ ನಡೆಸುತ್ತಿತ್ತು. ಕಣ್ಣೆದುರು ಅಂಗಡಿ ಇದೆ, ತಿಂಗಳಿಗೆ ಸರಿಯಾಗಿ ಬಡ್ಡಿ ಕೈಗೆ ಬರುತ್ತಿದೆ. ಯಾಕೆ ಅನುಮಾನಪಡಬೇಕು, ಅಲ್ವಾ?

ಲೆಕ್ಕ ತಪ್ಪಿದ್ದು 1996ರಲ್ಲಿ. ನೆರೆಯ ಯುಗೊಸ್ಲಾವಿಯಾ ಮೇಲೆ ವಿಶ್ವಸಂಸ್ಥೆ ಹೇರಿದ್ದ ನಿರ್ಬಂಧ 1995ರ ಕೊನೆಗೆ ಸಡಿಲವಾಯಿತು. ಗಡಿಯಾಚೆ ಕದ್ದು ಸಾಗಿಸುವ ದಂಧೆ ನಿಂತುಹೋಯಿತು. ಕೆಲವು ಕಂಪನಿಗಳ ಆದಾಯದ ಮೂಲವೇ ಅದು. ಈಗ ಹಳಬರಿಗೆ ಬಡ್ಡಿ ಕೊಡೋಕೆ ಹೊಸ ಠೇವಣಿ ಬೇಕೇ ಬೇಕು, ಅದಕ್ಕೆ ಬಡ್ಡಿ ಏರಿಸಲೇಬೇಕು. ವರ್ಷದ ಶುರುವಿನಲ್ಲಿ ತಿಂಗಳಿಗೆ ಶೇ. 4ರಿಂದ 5 ಇದ್ದದ್ದು ವರ್ಷದ ಮಧ್ಯದಲ್ಲಿ ಶೇ. 8 ಆಯಿತು. ಚಕ್ರಬಡ್ಡಿ ಹಾಕಿ ನೋಡಿ, ವರ್ಷ ಕಳೆಯುವಷ್ಟರಲ್ಲಿ ಅಸಲು ಎರಡೂವರೆ ಪಟ್ಟು. ಜುಲೈನಲ್ಲಿ ಒಂದು ಕಂಪನಿ ಶೇ. 10 ಅಂದಿತು. ಸೆಪ್ಟೆಂಬರಿನಲ್ಲಿ ಪೊಪುಲಿ ಎನ್ನುವ ಹೊಸ ಕಂಪನಿ ಶೇ. 30 ದಾಟಿತು. ನವೆಂಬರಿನಲ್ಲಿ ಜಾಫೇರಿ ಎನ್ನುವ ಕಂಪನಿ ಮೂರು ತಿಂಗಳಿಗೆ ಮೂರು ಪಟ್ಟು ಕೊಡ್ತೀನಿ ಅಂದರೆ, ಸೂದೆ ಎನ್ನುವ ಇನ್ನೊಂದು ಎರಡೇ ತಿಂಗಳಿಗೆ ಡಬಲ್ ಅಂದಿತು. ಪೊಪುಲಿ, ಜಾಫೇರಿ ಎರಡಕ್ಕೇ ಸೇರಿ ಕೆಲವೇ ತಿಂಗಳಲ್ಲಿ ಸುಮಾರು 20 ಲಕ್ಷ ಠೇವಣಿದಾರರು. ಮನೆ ಮಾರಿದರು. ರೈತರು ದನಕರು ಹೊಡೆದುಕೊಂಡು ರಾಜಧಾನಿ ತಿರಾನಾಕ್ಕೆ ಬಂದು, ಮಾರಿದ ದುಡ್ಡನ್ನು ಕಂಪನಿಗೆ ಕಟ್ಟಿದರು. ನೀವು ಹೇಳುವ ದುರಾಸೆ ಬಂದದ್ದು ಈಗ.

ಸರ್ಕಾರದ ಪಾಲನ್ನು ನಾನು ಜನರ ಪಾಲಿಗಿಂತ ದೊಡ್ಡದು ಅಂತೀನಿ. ಆ ವರ್ಷದ ಚುನಾವಣೆಯಲ್ಲಿ ಹಲವು ಕಂಪನಿಗಳು ಆಳುವ ಪಕ್ಷದ ಬೆನ್ನಿಗೆ ನಿಂತಿದ್ದವು. ಐಎಂಎಫ್ ಮತ್ತು ವಿಶ್ವ ಬ್ಯಾಂಕ್ ಎಚ್ಚರಿಸಿದರೂ ಕ್ರಮ ಮಾತ್ರ ಆಗಲಿಲ್ಲ. ದೊಡ್ಡವರೇ ಸುಮ್ನಿದ್ದಾರೆ ಅಂದಮೇಲೆ ಜನರಿಗೆ ಧೈರ್ಯ ಬಾರದೇ ಇರುತ್ತದಾ?

ನವೆಂಬರ್ 19ಕ್ಕೆ ಸೂದೆ ಕೈಯೆತ್ತಿತು. 1997ರ ಜನವರಿಯಲ್ಲಿ ಸೂದೆ ಜೊತೆ ಜ್ಯಾಲಿತ್ಸಾ ಎನ್ನುವ ಇನ್ನೊಂದು ಕಂಪನಿ ಕೂಡ ದಿವಾಳಿ. ಜ್ಯಾಲಿತ್ಸಾದ ಮೂಲವಾದ ವ್ಲೋರಾ ಬಂದರಿನಲ್ಲಿ ಜನ ಬೀದಿಗಿಳಿದರು. ಮಾರ್ಚ್ ಹೊತ್ತಿಗೆ ದೇಶದ ದಕ್ಷಿಣ ಭಾಗ ಸರ್ಕಾರದ ಕೈತಪ್ಪಿತು, ಸೈನಿಕರು ಕೆಲಸ ಬಿಟ್ಟು ಹೋದರು, ಶಸ್ತ್ರಾಗಾರಗಳು ಲೂಟಿಯಾದವು. ಸತ್ತವರು ಸುಮಾರು 2,000. ಕೊನೆಗೆ ಇಟಲಿಯ ಮುಂದಾಳತ್ವದಲ್ಲಿ ಹೊರಗಿನ ಸೈನ್ಯ ಬರಬೇಕಾಯಿತು. ಈ ಕಂಪನಿಗಳು ಜನರಿಗೆ ಕೊಡಬೇಕಿದ್ದ ಮೊತ್ತ 120 ಕೋಟಿ ಡಾಲರ್, ಅಂದರೆ ಜಿಡಿಪಿಯ ಹೆಚ್ಚುಕಡಿಮೆ ಅರ್ಧ.

ಚೇತರಿಕೆ? ಅಂಕಿಗಳಲ್ಲಿ ಬೇಗ ಆಯಿತು. 1997ರಲ್ಲಿ ಆರ್ಥಿಕತೆ ಕುಗ್ಗಿದರೂ ಮರುವರ್ಷವೇ ಬೆಳವಣಿಗೆ ಮರಳಿತು. ಇದರಲ್ಲಿ ಮ್ಯಾಜಿಕ್ ಏನಿಲ್ಲ: ಗ್ರೀಸ್, ಇಟಲಿಯಲ್ಲಿ ದುಡಿಯುವವರು ದುಡ್ಡು ಕಳಿಸುವುದನ್ನು ನಿಲ್ಲಿಸಲಿಲ್ಲ. ಹೊಸ ಸರ್ಕಾರ ಠೇವಣಿದಾರರಿಗೆ ಖಜಾನೆಯಿಂದ ಪರಿಹಾರ ಕೊಡಲು ಒಪ್ಪಲಿಲ್ಲ. ಕಠಿಣ, ಆದರೆ ಕೊಟ್ಟಿದ್ದರೆ ನೋಟು ಅಚ್ಚು ಹಾಕಿಯೇ ಕೊಡಬೇಕಿತ್ತು. ಕಂಪನಿಗಳ ಲೆಕ್ಕ ಬಿಡಿಸಲು ವಿದೇಶಿ ಲೆಕ್ಕಪರಿಶೋಧಕರನ್ನು ಕೂರಿಸಿದರು. ಸರ್ಕಾರಿ ಬ್ಯಾಂಕುಗಳು ಒಂದೊಂದಾಗಿ ಮುಚ್ಚಿದವು, ಇಲ್ಲವೇ ವಿದೇಶಿಯರ ಕೈಗೆ ಹೋದವು.

ಇವತ್ತು ಅಲ್ಬೇನಿಯಾ ನೇಟೋ ಮಿಲಿಟರಿ ಕೂಟದ ಸದಸ್ಯ, 2022ರಿಂದ ಐರೋಪ್ಯ ಒಕ್ಕೂಟದ ಜೊತೆ ಸೇರ್ಪಡೆಯ ಮಾತುಕತೆಯಲ್ಲಿದೆ, ಕಡಲತೀರಗಳು ಬೇಸಿಗೆಯಲ್ಲಿ ಪ್ರವಾಸಿಗರಿಂದ ತುಂಬುತ್ತವೆ. ಆದರೆ ಊರು ಬಿಟ್ಟು ಹೋಗುವುದು ನಿಂತಿಲ್ಲ. 2023ರ ಜನಗಣತಿಯಲ್ಲಿ ಅಲ್ಲಿ ಉಳಿದವರು ಸುಮಾರು 24 ಲಕ್ಷ.