ನಿಘಂಟು ಇರುವಾಗ ವಿಜ್ಞಾನಕ್ಕೆ ಬೇರೆ ಪದಕೋಶ ಏಕೆ?

ಪ್ರಶ್ನೆ: ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪಿಯುಸಿ ವಿಜ್ಞಾನ ವಿಭಾಗಕ್ಕೆ ಸೇರಿದ್ದಾಳೆ. ಮನೆಯಲ್ಲಿ ದೊಡ್ಡ ಇಂಗ್ಲಿಷ್–ಕನ್ನಡ ನಿಘಂಟು ಇದೆ. ವಿಜ್ಞಾನ ಮತ್ತು ಗಣಿತಕ್ಕೆಂದೇ ಇರುವ ಪದಕೋಶವೂ ಬೇಕೇ?

ಉತ್ತರ: ಬೇಕು. ಆದರೆ ಇಂಥ ಕೋಶಗಳಲ್ಲಿ ಎರಡು ಬಗೆಯಿವೆ ಎಂಬುದು ಗಮನದಲ್ಲಿರಲಿ. ಒಂದು, ಇಂಗ್ಲಿಷ್ ಪದದ ಎದುರು ಕನ್ನಡದ ಸಮಾನ ಪದವನ್ನಷ್ಟೇ ಕೊಡುವ ಪದಪಟ್ಟಿ. ಇನ್ನೊಂದು, ಆ ಪದ ಸೂಚಿಸುವ ಪರಿಕಲ್ಪನೆಯನ್ನು ನಿರೂಪಿಸುವ ಪದವಿವರಣ ಕೋಶ. ಭಾರತ ಸರ್ಕಾರವು 1961ರಲ್ಲಿ ಸ್ಥಾಪಿಸಿದ ವೈಜ್ಞಾನಿಕ ಮತ್ತು ತಾಂತ್ರಿಕ ಶಬ್ದಾವಳಿ ಆಯೋಗವು ಮೊದಲನೆಯದನ್ನು ಶಬ್ದಾವಳಿಯೆಂದೂ ಎರಡನೆಯದನ್ನು ಪರಿಭಾಷಾ ಕೋಶವೆಂದೂ ಬೇರೆಬೇರೆಯಾಗಿಯೇ ಪ್ರಕಟಿಸುತ್ತ ಬಂದಿದೆ. ಅನುವಾದಕರಿಗೆ ಪದಪಟ್ಟಿ ಸಾಕಾಗಬಹುದು, ಕಲಿಯುವವರಿಗೆ ಸಾಲದು.

ಸಾಮಾನ್ಯ ನಿಘಂಟು ಎಲ್ಲಿ ಕೈಕೊಡುತ್ತದೆ ಎಂಬುದಕ್ಕೆ 'ವೇಗ' ಎಂಬ ಪದವೇ ಸಾಕ್ಷಿ. ದಿನನಿತ್ಯದ ಮಾತಿನಲ್ಲಿ ಸ್ಪೀಡೂ ವೇಗವೇ, ವೆಲಾಸಿಟಿಯೂ ವೇಗವೇ. ಭೌತವಿಜ್ಞಾನದ ಪಠ್ಯಗಳಾದರೋ ಮೊದಲನೆಯದನ್ನು ಜವವೆಂದು, ದಿಕ್ಕೂ ಸೇರಿರುವ ಎರಡನೆಯದನ್ನು ಮಾತ್ರ ವೇಗವೆಂದು ಕರೆಯುತ್ತವೆ. ವೃತ್ತವೊಂದನ್ನು ಗಂಟೆಗೆ 40 ಕಿಲೋಮೀಟರಿನಂತೆ ಒಂದೇ ಸಮನೆ ಸುತ್ತುತ್ತಿರುವ ಬಸ್ಸಿನ ಜವ ಬದಲಾಗುವುದಿಲ್ಲ. ದಿಕ್ಕು ಬದಲಾಗುತ್ತಲೇ ಇರುವುದರಿಂದ ವೇಗ ಮಾತ್ರ ಪ್ರತಿಕ್ಷಣವೂ ಬದಲಾಗುತ್ತದೆ. ಈ ಭೇದ ತಿಳಿಯದೆ ಮುಂದೆ ಬರುವ ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಅರ್ಥವಾಗದು.

ಪದವಿವರಣ ಕೋಶವನ್ನು ಬಳಸುವ ಕ್ರಮವೂ ಬೇರೆ. ನಿಘಂಟಿನಲ್ಲಿ ಅರ್ಥ ಸಿಕ್ಕೊಡನೆ ಪುಸ್ತಕ ಮುಚ್ಚುತ್ತೇವೆ. ಇಲ್ಲಿ ವಿವರಣೆಯೊಳಗಿರುವ ಪದಗಳನ್ನೂ ಹುಡುಕಬೇಕು. 'ಕೆಲಸ' ಎಂಬುದನ್ನು ತೆರೆದರೆ ಅದು ಬಲ ಮತ್ತು ಬಲದ ದಿಕ್ಕಿನಲ್ಲಾದ ಸ್ಥಾನಪಲ್ಲಟ ಇವುಗಳ ಗುಣಲಬ್ಧ ಎಂದಿರುತ್ತದೆ. ಅಲ್ಲಿಂದ ಬಲಕ್ಕೆ, ಬಲದಿಂದ ಅದರ ಅಳತೆಯ ಮಾನವಾದ ನ್ಯೂಟನ್ನಿಗೆ, ಅಲ್ಲಿಂದ ಕಿಲೋಗ್ರಾಂ, ಮೀಟರ್, ಸೆಕೆಂಡುಗಳಿಗೆ ಇಳಿಯಬೇಕು. ಇಷ್ಟಾದ ಮೇಲೆ 20 ಕಿಲೋ ಅಕ್ಕಿಯ ಚೀಲವನ್ನು ಒಂದು ಮೀಟರ್ ಮೇಲೆತ್ತಲು ಸುಮಾರು 196 ಜೂಲ್ (ಕೆಲಸದ ಮಾನ) ಕೆಲಸವಾಗುತ್ತದೆ ಎಂದು ಮಗಳೇ ಲೆಕ್ಕ ಹಾಕಬಲ್ಲಳು. ಅದೇ ಚೀಲವನ್ನು ಹೊತ್ತು ಅರ್ಧ ಗಂಟೆ ಅಲುಗಾಡದೆ ನಿಂತರೆ ಬೆನ್ನು ನೊಂದರೂ ಚೀಲದ ಮೇಲೆ ನಡೆದ ಕೆಲಸ ಸೊನ್ನೆ. ಹಮಾಲರು ಒಪ್ಪಲಾರರು, ಭೌತವಿಜ್ಞಾನ ಒಪ್ಪುತ್ತದೆ.

ಗಣಿತದ ಕೋಶವನ್ನು ಇನ್ನೂ ನಿಧಾನವಾಗಿ ಓದಬೇಕು, ಏಕೆಂದರೆ ಅಲ್ಲಿ ಅಲಂಕಾರಕ್ಕೆಂದು ಬರೆದ ಪದವಿರುವುದಿಲ್ಲ. ಅವಿಭಾಜ್ಯ ಸಂಖ್ಯೆಯೆಂದರೆ 1ಕ್ಕಿಂತ ದೊಡ್ಡದಾದ, 1 ಮತ್ತು ತನ್ನಿಂದ ಮಾತ್ರ ನಿಶ್ಶೇಷವಾಗಿ ಭಾಗವಾಗುವ ಸ್ವಾಭಾವಿಕ ಸಂಖ್ಯೆ. ಇದರಲ್ಲಿ '1ಕ್ಕಿಂತ ದೊಡ್ಡದಾದ' ಎಂಬುದನ್ನು ಅಳಿಸಿ ನೋಡಲು ಮಗಳಿಗೆ ಹೇಳಿ. ಆಗ 1 ಕೂಡ ಅವಿಭಾಜ್ಯವಾಗಿ, 6 ಎಂಬುದನ್ನು 2×3 ಎಂದೂ 1×2×3 ಎಂದೂ 1×1×2×3 ಎಂದೂ ಬರೆಯಬಹುದಾಗುತ್ತದೆ; 1ಕ್ಕಿಂತ ದೊಡ್ಡದಾದ ಪ್ರತಿ ಸ್ವಾಭಾವಿಕ ಸಂಖ್ಯೆಯನ್ನೂ ಅವಿಭಾಜ್ಯಗಳ ಗುಣಲಬ್ಧವಾಗಿ ಒಂದೇ ರೀತಿಯಲ್ಲಿ ಒಡೆಯಬಹುದು ಎಂಬ ಪ್ರಮೇಯ ಕುಸಿಯುತ್ತದೆ. ಹೀಗೆ ಒಂದೊಂದೇ ಪದವನ್ನು ತೆಗೆದು ಏನು ಕೆಡುತ್ತದೆಂದು ನೋಡುವುದಕ್ಕಿಂತ ಒಳ್ಳೆಯ ಅಭ್ಯಾಸವನ್ನು ನಾನು ಕಂಡಿಲ್ಲ.

ಕೋಶವು ಪಠ್ಯಪುಸ್ತಕದ ಸ್ಥಾನವನ್ನು ತುಂಬದು. ಅಕಾರಾದಿ ಕ್ರಮ ಹುಡುಕುವುದಕ್ಕೆ ಅನುಕೂಲವೇ ಹೊರತು ಕಲಿಕೆಯ ಕ್ರಮವಲ್ಲ. ಪಾಠ ಓದುವಾಗ ಪಕ್ಕದಲ್ಲಿರಲಿ.

ಕೊಳ್ಳುವಾಗ ಮುದ್ರಣದ ವರ್ಷವನ್ನು ನೋಡಿ. ಪ್ಲೂಟೊ 2006ರಲ್ಲಿ ಗ್ರಹಗಳ ಪಟ್ಟಿಯಿಂದ ಹೊರಬಿತ್ತು. ಫ್ರಾನ್ಸಿನಲ್ಲಿರಿಸಿದ್ದ ಪ್ಲಾಟಿನಂ–ಇರಿಡಿಯಂ ಲೋಹದ ಉರುಳೆಯೇ ಕಿಲೋಗ್ರಾಮಿನ ಮಾನಕವಾಗಿದ್ದುದು ಹೋಗಿ, 2019ರ ಮೇ 20ರಿಂದ ಪ್ಲಾಂಕ್ ಸ್ಥಿರಾಂಕವೆಂಬ, ಎಂದೂ ಬದಲಾಗದ ಭೌತರಾಶಿಯ ಆಧಾರದ ಮೇಲೆ ಅದನ್ನು ನಿರೂಪಿಸಲಾಗುತ್ತಿದೆ. ಹಳೆಯ ಪುಸ್ತಕದಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕರೆ ಗಣಿತದ ಕೋಶವನ್ನು ಧೈರ್ಯವಾಗಿ ಕೊಳ್ಳಬಹುದು. ಭೌತವಿಜ್ಞಾನದ್ದಾದರೆ ಹಣ ಕೊಡುವ ಮೊದಲು ಕಿಲೋಗ್ರಾಂ ಇರುವ ಪುಟವನ್ನೊಮ್ಮೆ ತೆರೆದು ನೋಡಿ.