ಹಾರಿದ ಮೇಲೂ ತುತ್ತು ಬೇಕು

ಕಾಕಟೀಲ್ ಎಂಬ ಜುಟ್ಟಿನ ಸಾಕುಹಕ್ಕಿಯ ಮರಿ ಮೊಟ್ಟೆಯೊಡೆದು ಬಂದು ಐದು ವಾರವಾಗುವ ಹೊತ್ತಿಗೆ ಹಾರುತ್ತದೆ. ತನ್ನ ಹೊಟ್ಟೆಯನ್ನು ತಾನೇ ತುಂಬಿಸಿಕೊಳ್ಳಲು ಮಾತ್ರ ಅದಕ್ಕೆ ಇನ್ನೂ ಮೂರ್ನಾಲ್ಕು ವಾರ ಬೇಕು. ಸಾಕುವವರು ಎಡವುವುದು ಈ ನಡುವಿನ ದಿನಗಳಲ್ಲೇ ಜಾಸ್ತಿ. ‘ಹಾರ್ತದಲ್ಲ ಮಾರಾಯ್ರೆ, ಇನ್ನು ತಿನ್ಲಿಕ್ಕೆ ಏನು ಕಷ್ಟ?’ ಎಂದು ಮಾರುವವರು ಮರಿಯನ್ನು ರಟ್ಟಿನ ಪೆಟ್ಟಿಗೆಗೆ ಹಾಕಿ ಕೊಟ್ಟುಬಿಡುತ್ತಾರೆ. ಕೊಂಡವರು ಪಂಜರದಲ್ಲಿ ಬಟ್ಟಲು ತುಂಬ ಕಾಳು ಇಡುತ್ತಾರೆ. ಮರಿ ಆ ಕಾಳಿನ ಮೇಲೆಯೇ ಕುಳಿತು ಹಸಿದಿರುತ್ತದೆ.

ನಮ್ಮ ಕಾಸರಗೋಡಿನ ಕುಂಬಳೆ, ಉಪ್ಪಳ, ಬದಿಯಡ್ಕದ ಕಡೆ ಜಗಲಿಯಲ್ಲಿ ಈ ಜುಟ್ಟಿನ ಹಕ್ಕಿಯ ಪಂಜರ ಕಾಣುವುದು ಈಗ ಅಪರೂಪವೇನಲ್ಲ. ನಮ್ಮ ತೋಟಕ್ಕೆ ಬರುವ ಹಸಿರು ಗಿಳಿಯನ್ನು ಹಿಡಿದು ಸಾಕುವಂತಿಲ್ಲ, ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕಾಕಟೀಲ್ ಆಸ್ಟ್ರೇಲಿಯಾದ್ದು. ಕಾಡುಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ ಹೆಚ್ಚುಕಡಿಮೆ ಎಲ್ಲ ಗಿಳಿಗಳೂ ಇವೆ. ಹೊರಗುಳಿದ ಬೆರಳೆಣಿಕೆಯ ಜಾತಿಗಳಲ್ಲಿ ಇದೂ ಒಂದು. ಪಂಜರದಲ್ಲೇ ಸುಲಭವಾಗಿ ಮರಿ ಮಾಡುವ ಹಕ್ಕಿಯಾದ್ದರಿಂದ ಕಾಡಿನಿಂದ ಹಿಡಿದು ತರುವ ಅಗತ್ಯವೇ ಇಲ್ಲ.

ಗಿಳಿಗಳಲ್ಲೇ ಇದು ಜುಟ್ಟಿರುವ ಕಾಕಟೂ ಕುಟುಂಬದ್ದು. ಆ ಕುಟುಂಬದಲ್ಲಿ ಎಲ್ಲಕ್ಕಿಂತ ಚಿಕ್ಕದು. ಬೆಳೆದ ಹಕ್ಕಿ ಸುಮಾರು 80ರಿಂದ 100 ಗ್ರಾಂ ತೂಗುತ್ತದೆ. ಆಸ್ಟ್ರೇಲಿಯಾದ ಒಣ ಒಳನಾಡಿನಲ್ಲಿ ನೀರಿದ್ದ ಕಡೆಗೆ ಹಿಂಡು ಹಿಂಡಾಗಿ ಅಲೆಯುತ್ತದೆ. ನೆಲಕ್ಕಿಳಿದು ಹುಲ್ಲಿನ ಬೀಜ ಹೆಕ್ಕುತ್ತದೆ. ಮಳೆ ಬಿದ್ದು ಹುಲ್ಲು ತೆನೆ ಬಿಡುವಾಗ ಮರದ ಪೊಟರೆ ಹುಡುಕಿ ಮೊಟ್ಟೆ ಇಡುತ್ತದೆ. ಅಲ್ಲಿ ಮಳೆ ಬಂತು ಅಂದರೆ ಊಟ ಬಂತು ಎಂದೇ ಅರ್ಥ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಸುರಿಯುವ ಮಳೆಯ ಕಥೆ ಬೇರೆ. ಗೋಡೆ ಬೆವರುತ್ತದೆ, ಡಬ್ಬಿಯ ಕಾಳಿಗೆ ಬೂಷ್ಟು ಹಿಡಿಯುತ್ತದೆ, ಗೂಡಿನೊಳಗಿನ ಮರದ ಹೊಟ್ಟು ಒಣಗುವುದೇ ಇಲ್ಲ. ಬೂಷ್ಟು ಹಿಡಿದ ಕಾಳಿನಿಂದ ಹಕ್ಕಿಯ ಪಿತ್ತಜನಕಾಂಗಕ್ಕೂ ಶ್ವಾಸಕ್ಕೂ ತೊಂದರೆ. ಪಂಜರದಲ್ಲಿ ಊಟಕ್ಕೆ ಬರವಿಲ್ಲದ ಕಾರಣ ಇವು ಯಾವ ತಿಂಗಳಲ್ಲಾದರೂ ಮೊಟ್ಟೆ ಇಡುತ್ತವೆ. ನನ್ನನ್ನು ಕೇಳಿದರೆ ಜೂನ್, ಜುಲೈಯಲ್ಲಿ ಗೂಡಿನ ಪೆಟ್ಟಿಗೆಯನ್ನೇ ತೆಗೆದಿಡುವುದು ಒಳ್ಳೆಯದು.

ಹೆಣ್ಣು ದಿನ ಬಿಟ್ಟು ದಿನ ಒಂದರಂತೆ ನಾಲ್ಕರಿಂದ ಆರು ಮೊಟ್ಟೆ ಇಡುತ್ತದೆ. ಹಗಲು ಹೆಚ್ಚಾಗಿ ಗಂಡು ಕಾವಿಗೆ ಕೂರುತ್ತದೆ, ರಾತ್ರಿ ಹೆಣ್ಣಿನ ಪಾಳಿ. ಕಾವು ಕೊಡಲು ಶುರು ಮಾಡಿ 18ರಿಂದ 21 ದಿನಕ್ಕೆ ಮರಿ ಹೊರಬರುತ್ತದೆ. ಎಲ್ಲವೂ ಒಂದೇ ದಿನ ಒಡೆಯುವುದಿಲ್ಲ. ಹಿರಿಯ ಮರಿಗೂ ಕಿರಿಯದಕ್ಕೂ ಒಂದು ವಾರದ ಅಂತರ ಬೀಳುವುದುಂಟು. ಹಾಗಾಗಿ ಒಂದೇ ಗೂಡಿನ ಮರಿಗಳು ಒಟ್ಟಿಗೆ ಹಾರಬೇಕು, ಒಟ್ಟಿಗೆ ಕಾಳು ತಿನ್ನಬೇಕು ಎಂದು ಲೆಕ್ಕ ಹಾಕಿ ಕೂರಬಾರದು.

ಹುಟ್ಟಿದಾಗ ಮರಿಯ ತೂಕ ನಾಲ್ಕೈದು ಗ್ರಾಂ ಅಷ್ಟೇ. ಮೈಮೇಲೆ ಹಳದಿ ತುಪ್ಪುಳ, ಕಣ್ಣು ಮುಚ್ಚಿರುತ್ತದೆ. ಕಣ್ಣು ಬಿಡುವುದು ಒಂಬತ್ತು, ಹತ್ತನೇ ದಿನದ ಸುಮಾರಿಗೆ. ಅಪ್ಪ ಅಮ್ಮ ಇಬ್ಬರೂ ಕಾಳನ್ನು ಮೆದು ಮಾಡಿ, ಮರಿಯ ಕೊಕ್ಕನ್ನು ತಮ್ಮ ಕೊಕ್ಕಿನಲ್ಲಿ ಕಚ್ಚಿ ಹಿಡಿದು ಕಕ್ಕಿ ಉಣಿಸುತ್ತವೆ. ಪಾರಿವಾಳದ ಹಾಗೆ ಇವುಗಳ ಗಂಟಲಲ್ಲಿ ಹಾಲಿನಂಥದ್ದು ಉತ್ಪತ್ತಿಯಾಗುವುದಿಲ್ಲ, ಇದು ಬರೀ ಅರೆದ ಊಟ. ಅದು ಮೊದಲು ಹೋಗಿ ಕೂರುವುದು ಕತ್ತಿನ ಬುಡದಲ್ಲಿರುವ ಚೀಲದಲ್ಲಿ. ಇದಕ್ಕೆ ಕ್ರಾಪ್ ಎನ್ನುತ್ತಾರೆ. ಮರಿಯ ಚರ್ಮ ತೆಳು. ಚೀಲ ತುಂಬಿದಾಗ ಒಳಗಿನ ಕಾಳು ಹೊರಗಿನಿಂದಲೇ ಕಾಣುತ್ತದೆ. ಅಲ್ಲಿಂದ ಊಟ ಸ್ವಲ್ಪ ಸ್ವಲ್ಪವೇ ಹೊಟ್ಟೆಗೆ ಇಳಿಯುತ್ತದೆ.

ಸಾಕುವವರ ಯೋಚನೆಯೆಲ್ಲ ಸುತ್ತುವುದು ಈ ಚೀಲದ ಸುತ್ತ. ಎರಡು ಮೂರು ವಾರದ ಮರಿಯನ್ನು ಗೂಡಿನಿಂದ ಎತ್ತಿ ಸಿರಿಂಜಿನಲ್ಲಿ ಉಣಿಸಿದರೆ ಅದು ಮನುಷ್ಯರಿಗೆ ಬೇಗ ಹೊಂದಿಕೊಳ್ಳುತ್ತದೆ ನಿಜ. ಆದರೆ ಉಣಿಸುವ ಹಿಟ್ಟಿನ ಬಿಸಿ 39ರಿಂದ 41 ಡಿಗ್ರಿ ಸೆಲ್ಸಿಯಸ್‌ನೊಳಗೆ ಇರಬೇಕು. 43 ದಾಟಿದರೆ ಚೀಲದ ಒಳಗೋಡೆ ಸುಡುತ್ತದೆ. ಆ ಸುಟ್ಟ ಗಾಯ ಹೊರಗೆ ಕಾಣುವಾಗ ಎಷ್ಟೋ ದಿನ ಕಳೆದಿರುತ್ತದೆ. ಎದೆಯ ಮೇಲೆ ಹುಣ್ಣಿನ ತೊಗಟೆ, ಅದು ಕಳಚಿದರೆ ತೂತು, ತಿಂದದ್ದೆಲ್ಲ ಆ ತೂತಿನಿಂದ ಹೊರಗೆ. ಹಿಟ್ಟನ್ನು ಮೈಕ್ರೋವೇವಿನಲ್ಲಿ ಬಿಸಿ ಮಾಡಿದರೆ ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ಕೊತಕೊತ. ಬೆರಳು ಅದ್ದಿ ನೋಡಿದರೆ ಗೊತ್ತಾಗುವುದಿಲ್ಲ, ಥರ್ಮಾಮೀಟರೇ ಬೇಕು. ತಣ್ಣಗಾದರೂ ತೊಂದರೆ ತಪ್ಪಿದ್ದಲ್ಲ. ಆಗ ಚೀಲ ಖಾಲಿಯಾಗುವುದು ನಿಧಾನವಾಗಿ, ಉಳಿದದ್ದು ಹುಳಿಯುತ್ತದೆ, ಯೀಸ್ಟ್ ಬೆಳೆಯುತ್ತದೆ. ನಮ್ಮ ಮಳೆಗಾಲದ ತೇವದಲ್ಲಂತೂ ಇದಕ್ಕೆ ಹೆಚ್ಚು ಹೊತ್ತು ಬೇಡ. ಒಮ್ಮೆ ಕಲಸಿದ್ದು ಉಳಿದರೆ ಚೆಲ್ಲಬೇಕು, ಫ್ರಿಜ್ಜಿನಲ್ಲಿಟ್ಟು ಮತ್ತೆ ಬಿಸಿ ಮಾಡಬಾರದು. ಬೆಳಗ್ಗೆ ಮೊದಲ ತುತ್ತು ಕೊಡುವ ಮುಂಚೆ ಚೀಲ ಪೂರ್ತಿ ಬತ್ತಿದೆಯಾ ಎಂದು ಮುಟ್ಟಿ ನೋಡಬೇಕು.

ಕೆಲವರು ಮಕ್ಕಳಿಗೆ ಕೊಡುವ ಹಾಲಿನ ಪುಡಿ ಕಲಸಿ ಕೊಡುತ್ತಾರೆ. ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವ ಹಕ್ಕಿಗಳ ಮೈಯಲ್ಲಿ ಇಲ್ಲ. ಮರಿ ಭೇದಿ ಮಾಡಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ರೌಡಿಬುಷ್ ಮತ್ತು ಗ್ರಾವ್ ಎಂಬ ಇಬ್ಬರು ಕಾಕಟೀಲ್ ಮರಿಗಳಿಗೆ ಬೇರೆ ಬೇರೆ ಪ್ರಮಾಣದ ಪ್ರೋಟೀನ್ ಕೊಟ್ಟು ನೋಡಿದರು. ಒಣ ಆಹಾರದಲ್ಲಿ ಶೇ 20ರಷ್ಟು ಪ್ರೋಟೀನ್ ಇದ್ದಾಗ ಮರಿಗಳು ಚೆನ್ನಾಗಿ ಬೆಳೆದವು ಎಂದು 1986ರಲ್ಲಿ ಪ್ರಕಟಿಸಿದರು. ನೀರಿನ ಪ್ರಮಾಣವೂ ಅಷ್ಟೇ ಮುಖ್ಯ ಎಂದು ಆ ಕೆಲಸದಿಂದ ಗೊತ್ತಾಯಿತು. ಮೊದಲ ನಾಲ್ಕೈದು ದಿನ ತೀರಾ ತೆಳು ಗಂಜಿ, ಆಮೇಲೆ ಗಟ್ಟಿ. ಬರೀ ರಾಗಿ ಗಂಜಿಯಿಂದ ಮರಿ ಬದುಕಬಹುದು, ಬಲಿಯುವುದಿಲ್ಲ.

ಅದೇ ಡೇವಿಸ್ಸಿನ ಗುಂಪು ಕೈತುತ್ತಿನ ಮರಿಗಳು ದೊಡ್ಡವಾದ ಮೇಲೆ ಏನಾಗುತ್ತವೆ ಎಂದೂ ಗಮನಿಸಿತು. ಕೈಯಲ್ಲಿ ಬೆಳೆದ ಗಂಡುಗಳಿಗೆ ಗೂಡಿನ ಪೆಟ್ಟಿಗೆಯಲ್ಲಿ ಆಸಕ್ತಿ ಕಡಿಮೆ. ಕೈಯಲ್ಲಿ ಬೆಳೆದ ಹೆಣ್ಣುಗಳು ಎಷ್ಟೋ ಸಲ ಮೊಟ್ಟೆಯನ್ನು ಪೆಟ್ಟಿಗೆಯಲ್ಲಿ ಇಡದೆ ನೆಲದ ಮೇಲೆ ಇಟ್ಟವು. ಗೂಡಿನ ಸಂಸಾರ ಕಾಣದೆ ಬೆಳೆದದ್ದಕ್ಕೆ ಇದೂ ಒಂದು ಬೆಲೆ. ಹಾಗಾದರೆ ಪಳಗಿಸುವುದು ಹೇಗೆ? ಅಪ್ಪ ಅಮ್ಮನೇ ಉಣಿಸಲಿ, ನಾವು ದಿನಕ್ಕೊಮ್ಮೆ ಮರಿಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಇಟ್ಟುಕೊಂಡರೆ ಸಾಕು. ಅಮೆಜಾನ್ ಗಿಳಿಗಳ ಮೇಲೆ 1999ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಷ್ಟರಿಂದಲೇ ಮರಿಗಳು ಮನುಷ್ಯರ ಹೆದರಿಕೆ ಬಿಟ್ಟಿದ್ದವು. ಕಾಕಟೀಲ್ ಅದಕ್ಕಿಂತ ಸಾಧು. ರಾತ್ರಿ ಎರಡು ಗಂಟೆಗೆ ಎದ್ದು ಹಿಟ್ಟು ಕಲಸುವ ಕೆಲಸವೂ ತಪ್ಪುತ್ತದೆ, ಅಲ್ವಾ?

ಎರಡನೇ ವಾರದಲ್ಲಿ ಮರಿಯ ಮೈಯೆಲ್ಲ ಮುಳ್ಳು ಮುಳ್ಳು. ಒಂದೊಂದು ಮುಳ್ಳೂ ಒಂದು ಗರಿ. ಗರಿ ಬೆಳೆಯುವಾಗ ಅದರ ಕೊಳವೆಯೊಳಗೆ ರಕ್ತ ಹರಿಯುತ್ತಿರುತ್ತದೆ, ಮುರಿದರೆ ರಕ್ತ ಸೋರುತ್ತದೆ. ಬಲಿತ ಮೇಲೆ ಕೊಳವೆಯ ತುದಿ ಒಡೆದು ಗರಿ ಬಿಚ್ಚಿಕೊಳ್ಳುತ್ತದೆ. ಆಗ ಉದುರುವ ಬಿಳಿ ಹೊಟ್ಟು ಕಂಡು ಚರ್ಮದ ರೋಗ ಎಂದು ಗಾಬರಿಯಾಗುವವರಿದ್ದಾರೆ. ಅದು ಗರಿಯ ಕವಚ ಅಷ್ಟೇ.

ನಾಲ್ಕನೇ ವಾರಕ್ಕೆ ಮರಿಯ ತೂಕ ದೊಡ್ಡ ಹಕ್ಕಿಯ ಹತ್ತಿರ ಬಂದಿರುತ್ತದೆ. ಆಮೇಲೆ ಒಂದು ವಿಚಿತ್ರ. ಹಾರುವ ದಿನ ಹತ್ತಿರವಾದಂತೆ ಅದು ತುತ್ತು ಬೇಡ ಎನ್ನುತ್ತದೆ, ತೂಕ ಶೇ 10ರಷ್ಟು ಇಳಿಯುತ್ತದೆ. ಬೆಳೆಯುವ ಗರಿ ಮತ್ತು ಚರ್ಮದಲ್ಲಿದ್ದ ನೀರು ಕಡಿಮೆಯಾಗುತ್ತದೆ, ಮರಿ ಊಟಕ್ಕಿಂತ ರೆಕ್ಕೆ ಬಡಿಯುವುದರಲ್ಲೇ ಮುಳುಗಿರುತ್ತದೆ. ಕೋಲನ್ನು ಗಟ್ಟಿಯಾಗಿ ಹಿಡಿದು ನಿಂತಲ್ಲೇ ರೆಕ್ಕೆ ಬಡಿಯುವುದನ್ನು ನೋಡಿದವರಿಗೆ ಇದು ಗೊತ್ತು. ಈಗ ಬಲವಂತವಾಗಿ ಉಣಿಸಿದರೆ ಕಕ್ಕುತ್ತದೆ, ಕಕ್ಕಿದ್ದು ಶ್ವಾಸನಾಳಕ್ಕೆ ಹೋದರೆ ಮರಿ ಉಳಿಯುವುದೇ ಕಷ್ಟ. ಮರಿ ಚುರುಕಾಗಿದೆ, ಹಿಕ್ಕೆ ಸರಿಯಾಗಿದೆ ಎಂದಾದರೆ ಸುಮ್ನೆ ಬಿಡಬೇಕು.

ಮೊದಲ ಹಾರಾಟದಲ್ಲಿ ಮೇಲೇಳುವುದು ಬರುತ್ತದೆ. ತಿರುಗುವುದು, ಇಳಿಯುವುದು ಬರುವುದಿಲ್ಲ. ಅದನ್ನೆಲ್ಲ ಗೋಡೆಗೆ ಬಡಿದೇ ಕಲಿಯಬೇಕು. ಮರಿಗೆ ಮನೆಯೊಳಗಿನ ದೊಡ್ಡ ಶತ್ರು ಸೀಲಿಂಗ್ ಫ್ಯಾನ್. ಆ ವಾರಗಳಲ್ಲಿ ಕೋಣೆಯ ಫ್ಯಾನಿನ ಸ್ವಿಚ್ಚಿಗೆ ಟೇಪು ಅಂಟಿಸಿಬಿಡಿ, ನೆನಪಿನ ಮೇಲೆ ಭರವಸೆ ಬೇಡ. ಕಿಟಕಿಯ ಗಾಜಿಗೆ ಪರದೆ ಹಾಕಿ. ಹಂಚಿನ ಮನೆಯಾದರೆ ಮಾಡಿನ ಸಂದಿ ನೋಡಿಕೊಳ್ಳಿ, ಮರಿ ಹೊರಗೆ ಹೋಗುವುದೂ ಅಲ್ಲಿಂದಲೇ, ಕೇರೆ ಹಾವು ಒಳಗೆ ಬರುವುದೂ ಅಲ್ಲಿಂದಲೇ. ಅಂಗಳದ ಬಾವಿಗೆ ಬಲೆ ಇಲ್ಲದಿದ್ದರೆ ಹಾಕಿಸಿ. ಹೊರಗೆ ಹೋದ ಮರಿಗೆ ಕಾಗೆಗಳ ಕಾಟ ಬೇರೆ. ಅಡುಗೆಮನೆಯಲ್ಲಿ ನಾನ್‌ಸ್ಟಿಕ್ ಕಾವಲಿ ಹೆಚ್ಚು ಕಾದರೆ ಬರುವ ಹೊಗೆ ನಮಗೆ ಗೊತ್ತೂ ಆಗದೆ ಹಕ್ಕಿಯನ್ನು ಕೆಲವೇ ನಿಮಿಷದಲ್ಲಿ ಕೊಲ್ಲಬಹುದು. ಗಾಳಿಯಿಂದ ಆಮ್ಲಜನಕ ಹೀರುವುದರಲ್ಲಿ ಹಕ್ಕಿಯ ಶ್ವಾಸಕೋಶ ನಮ್ಮದಕ್ಕಿಂತ ಚುರುಕು. ವಿಷವನ್ನೂ ಅದೇ ಚುರುಕಿನಲ್ಲಿ ಹೀರುತ್ತದೆ. ಅಪಾಯ ಇಷ್ಟಿದೆ ಎಂದು ಈ ವಯಸ್ಸಿನಲ್ಲೇ ರೆಕ್ಕೆ ಕತ್ತರಿಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಹಾರಿ ಇಳಿದು ಕಲಿತ ಹಕ್ಕಿಗೇ ಎದೆಯ ಸ್ನಾಯು ಬಲಿಯುವುದು, ಧೈರ್ಯ ಬರುವುದು.

ಗೂಡು ಬಿಟ್ಟ ಮರಿಗೆ ಆಮೇಲೆ ಹೆಚ್ಚಾಗಿ ಉಣಿಸುವುದು ಅಪ್ಪ. ಅಮ್ಮ ಅಷ್ಟರಲ್ಲಿ ಮುಂದಿನ ಮೊಟ್ಟೆಗಳ ತಯಾರಿಯಲ್ಲಿ ಇರಬಹುದು. ಮರಿಯ ತಲೆಯ ಗರಿಗಳನ್ನು ಕೀಳಲು ಶುರು ಮಾಡಿದರೆ ಅದಕ್ಕೂ ಅನೇಕ ಸಲ ಕಾರಣ ಇದೇ. ಆಗ ನಡುವೆ ಜಾಲರಿ ಕಟ್ಟಿ, ಜಾಲರಿಯಾಚೆಯಿಂದ ಅಪ್ಪ ಉಣಿಸುವಂತೆ ಮಾಡಬಹುದು.

ಇನ್ನು ಕಾಳು ಒಡೆಯುವ ವಿದ್ಯೆ. ಕಾಕಟೀಲ್ ಕಾಳನ್ನು ದಪ್ಪ ನಾಲಿಗೆಯಿಂದ ಹೊರಳಿಸಿ ಮೇಲಿನ ಕೊಕ್ಕಿನ ಒಳಮೈಗೆ ಒತ್ತಿ ಹಿಡಿಯುತ್ತದೆ. ಅಲ್ಲಿ ಜಾರದಂತೆ ಹಿಡಿಯಲು ಸಣ್ಣ ಗೀರುಗಳಿವೆ. ಕೆಳಕೊಕ್ಕಿನ ಅಂಚು ಸಿಪ್ಪೆಯನ್ನು ಸೀಳುತ್ತದೆ, ನಾಲಿಗೆ ಸಿಪ್ಪೆಯನ್ನು ಹೊರಗೆ ತಳ್ಳಿ ತಿರುಳನ್ನು ಒಳಗೆಳೆಯುತ್ತದೆ. ದೊಡ್ಡ ಹಕ್ಕಿಗೆ ಇದು ಕಣ್ಣು ಮಿಟುಕಿಸುವಷ್ಟರ ಕೆಲಸ. ಮರಿ ಮಾತ್ರ ಕಾಳನ್ನು ಕಚ್ಚುತ್ತದೆ, ಬೀಳಿಸುತ್ತದೆ, ಪುಡಿ ಮಾಡುತ್ತದೆ, ಇನ್ನೊಂದನ್ನು ಎತ್ತುತ್ತದೆ. ನೋಡುವವರಿಗೆ ತಿನ್ನುತ್ತಿದೆ ಎಂದೇ ಅನಿಸುತ್ತದೆ. ಮೋಸ ಹೋಗುವುದು ಇಲ್ಲೇ. ಬಟ್ಟಲಿನ ಮೇಲಿನ ಪದರವನ್ನು ಅಂಗೈಗೆ ಹಾಕಿಕೊಂಡು ಊದಿ ನೋಡಿ. ನಿಜವಾಗಿ ತಿಂದಿದ್ದರೆ ಹಾರಿಹೋಗುವುದು ಬರೀ ಖಾಲಿ ಸಿಪ್ಪೆ. ತಿರುಳಿನ ಚೂರೂ ಇಡೀ ಕಾಳೂ ಕೈಯಲ್ಲೇ ಉಳಿದರೆ ಅದಿನ್ನೂ ಆಟ. ಇನ್ನೊಂದು ಪರೀಕ್ಷೆ ಸಂಜೆಗೆ. ಮಲಗುವ ಮುಂಚೆ ಕ್ರಾಪನ್ನು ಹಗುರವಾಗಿ ಮುಟ್ಟಿದರೆ ರವೆ ತುಂಬಿದ ಪುಟ್ಟ ಸಂಚಿಯ ಹಾಗೆ ತರಿತರಿಯಾಗಿ ಸಿಗಬೇಕು. ಚಪ್ಪಟೆಯಾಗಿದ್ದರೆ ಮರಿ ಹಸಿದು ಮಲಗುತ್ತಿದೆ.

ಕಲಿಕೆಗೆ ಒಳ್ಳೆಯದು ನವಣೆಯ ತೆನೆ. ನಮ್ಮ ಅಂಗಡಿಗಳಲ್ಲಿ ಮಲಯಾಳದಲ್ಲಿ ‘ತಿನ’ ಎಂದು ಕೇಳಿದರೆ ಸಿಗುವ ಕಾಳೂ ಇದೇ. ಸಿಪ್ಪೆ ತೆಳು, ತೆನೆಯಿಂದ ಕೀಳುವುದೂ ಮರಿಗೆ ಆಟ. ಮೊದಮೊದಲು ಬಟ್ಟಲು ತೂಗುಹಾಕದೆ ನೆಲದ ಮೇಲೆಯೇ ಹರಡಿ, ಈ ಹಕ್ಕಿ ಕಾಡಿನಲ್ಲಿ ತಿನ್ನುವುದೂ ನೆಲದಲ್ಲೇ ತಾನೇ. ಜೊತೆಗೆ ಮೊಳಕೆ ಬಂದ ಹೆಸರು, ಉಪ್ಪು ಹಾಕದ ಕುಚ್ಚಲಕ್ಕಿ ಅನ್ನ, ಬೇಯಿಸಿದ ಸಿಹಿಗುಂಬಳ, ನುಗ್ಗೆಸೊಪ್ಪು, ಹರಿವೆ. ಬರೀ ಕಾಳಿನಲ್ಲಿ ಎ ಜೀವಸತ್ವವೂ ಸುಣ್ಣದಂಶವೂ ಸಾಲದು, ಸೊಪ್ಪು ತರಕಾರಿಯ ರುಚಿ ಹತ್ತಿಸಲು ಈ ವಯಸ್ಸಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಒದ್ದೆ ಆಹಾರವನ್ನು ಎರಡು ಮೂರು ಗಂಟೆಯಲ್ಲಿ ತೆಗೆಯಬೇಕು. ಜ್ಯೂಸಿಗೆ ತಂದ ಬೆಣ್ಣೆಹಣ್ಣನ್ನು ಮಾತ್ರ ಒಂದು ಚೂರೂ ಕೊಡಬೇಡಿ, ಹಕ್ಕಿಗಳಿಗೆ ಅದು ವಿಷ.

ಕೈತುತ್ತು ಬಿಡಿಸುವಾಗ ಮೊದಲು ಮಧ್ಯಾಹ್ನದ್ದನ್ನು ಬಿಡಿ, ಆಮೇಲೆ ಬೆಳಗಿನದು. ರಾತ್ರಿಯ ತುತ್ತು ಕೊನೆಗೆ. ದಿನವೂ ಬೆಳಗ್ಗೆ ಏನೂ ತಿನ್ನುವ ಮುಂಚೆ ಒಂದು ಗ್ರಾಂ ತೋರಿಸುವ ಅಡುಗೆ ತಕ್ಕಡಿಯಲ್ಲಿ ತೂಗಿ. ಹಾರಿದ ಮೇಲಿನ ತೂಕ ಮತ್ತೆ ಶೇ 10ರಷ್ಟು ಇಳಿದರೆ ಬಿಟ್ಟ ತುತ್ತನ್ನು ಮತ್ತೆ ಶುರು ಮಾಡಬೇಕು. ‘ಹಸಿವಾದರೆ ತಾನೇ ತಿನ್ನುತ್ತದೆ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಹಸಿದ ಮರಿ ಹೊಸದನ್ನು ಕಲಿಯುವುದಿಲ್ಲ, ಕುಳಿತು ಕೂಗುತ್ತದೆ. ಹೊಟ್ಟೆ ತುಂಬಿದ ಮರಿಯೇ ಅದನ್ನೂ ಇದನ್ನೂ ಕಚ್ಚಿ ನೋಡುವುದು. ಅಪ್ಪ ಅಮ್ಮ ಸಾಕಿದ ಮರಿಗಳು ಸಾಮಾನ್ಯವಾಗಿ ಎಂಟು ವಾರದ ಹೊತ್ತಿಗೆ ಸ್ವತಂತ್ರ. ಕೈತುತ್ತಿನವು ಹತ್ತು ವಾರದವರೆಗೂ ಎಳೆಯುವುದುಂಟು, ಅದರಲ್ಲಿ ತಪ್ಪೇನಿಲ್ಲ.

ಹಾಗಾಗಿ ಮರಿ ಕೊಳ್ಳಲು ಹೋದವರು ಹಾರುತ್ತದಾ ಎಂದು ಕೇಳಿ ಪ್ರಯೋಜನವಿಲ್ಲ. ಸಂಜೆ ಹೋಗಿ. ಕಣ್ಣೆದುರೇ ಕಾಳು ಒಡೆದು ತಿನ್ನುವುದನ್ನು ನೋಡಿ, ಕ್ರಾಪ್ ಮುಟ್ಟಿ ನೋಡಿ, ಕೊನೆಯ ಕೈತುತ್ತು ಕೊಟ್ಟು ಎಷ್ಟು ದಿನವಾಯಿತು ಎಂದು ವಿಚಾರಿಸಿ. ಒಂದು ವಾರವಾದರೂ ಆಗಿರಲಿ. ಅಲ್ಲಿ ಯಾವ ಕಾಳು ತಿನ್ನುತ್ತಿತ್ತೋ ಅದನ್ನೇ ಒಂದಿಷ್ಟು ಕಟ್ಟಿಸಿಕೊಂಡು ಬನ್ನಿ. ಇಷ್ಟೆಲ್ಲ ಮಾಡಿದರೂ ಹೊಸ ಮನೆಗೆ ಬಂದ ಮರಿ ತಲೆ ಆಡಿಸುತ್ತಾ ಮತ್ತೆ ತುತ್ತಿಗೆ ಕೂಗಬಹುದು. ಜಾಗ ಬದಲಾದಾಗ ಹೀಗಾಗುವುದು ಸಹಜ. ಆಗ ರಾತ್ರಿ ಹೊತ್ತು ಬೆಚ್ಚನೆಯ ಹಿಟ್ಟನ್ನು ಚಮಚದಲ್ಲಿ ಕೊಡಿ. ಕೆಲವು ದಿನ ಕಳೆದ ಮೇಲೆ ಚಮಚ ಹತ್ತಿರ ತಂದರೂ ಅದೇ ಮುಖ ತಿರುಗಿಸುತ್ತದೆ.