ಚರ್ಚಿಗೂ ಹೋಗ್ತಾರೆ, ಹಿರಿಯರ ಕುಣಿತವನ್ನೂ ಬಿಟ್ಟಿಲ್ಲ. ಅದು ಹೇಗೆ?

ಪ್ರಶ್ನೆ: ಅಮೆರಿಕದ ಮೂಲನಿವಾಸಿಗಳಲ್ಲಿ ಎಷ್ಟೋ ಜನ ಕ್ರೈಸ್ತರು. ಆದರೂ ಹಿರಿಯರ ಆಚರಣೆಗಳನ್ನು ಉಳಿಸಿಕೊಂಡಿದ್ದಾರೆ. ಎರಡನ್ನೂ ಹೇಗೆ ಹೊಂದಿಸುತ್ತಾರೆ?

ಕೆಲವರು ಹೊಂದಿಸೋಕೆ ಹೋಗೋದೇ ಇಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನಡೆಸಿಕೊಂಡು ಹೋಗುತ್ತಾರೆ, ಅಷ್ಟೇ.

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಕೇವಾ ಅಂತ ಒಂದು ಊರಿದೆ, ಪ್ವೆಬ್ಲೋ ಅನ್ನುವ ಮೂಲನಿವಾಸಿಗಳದು. ಆಗಸ್ಟ್ 4ರಂದು ಅಲ್ಲಿ ಸಂತ ಡೊಮಿನಿಕ್ ಹಬ್ಬ. ಬೆಳಿಗ್ಗೆ ಚರ್ಚಿನಲ್ಲಿ ಬಲಿಪೂಜೆ, ಅಂದರೆ ಕ್ಯಾಥೊಲಿಕರ 'ಮಾಸ್' ಪ್ರಾರ್ಥನೆ. ಅದು ಮುಗಿದ ಮೇಲೆ ಸಂತನ ಮೂರ್ತಿಯನ್ನು ಮೆರವಣಿಗೆಯಲ್ಲಿ ಊರ ನಡುವಿನ ಬಯಲಿಗೆ ತಂದು, ಹಸಿರು ಕೊಂಬೆಗಳ ಚಪ್ಪರದಲ್ಲಿ ಕೂರಿಸುತ್ತಾರೆ. ಆಮೇಲೆ ಆ ಮೂರ್ತಿಯ ಎದುರಿಗೇ ಮೆಕ್ಕೆಜೋಳದ ಕುಣಿತ: ಡೋಲಿನ ಸದ್ದು, ಗಂಡಸರ ಕೈಯಲ್ಲಿ ಸೋರೆಬುರುಡೆಯ ಗಿಲಕಿ, ಹೆಂಗಸರ ತಲೆ ಮೇಲೆ ಬಣ್ಣ ಬಳಿದ ಹಲಗೆಯ ಕಿರೀಟ. ಮಳೆ ಬೆಳೆಗಾಗಿ ಕುಣಿಯೋದು ಅದು. ಪಾದ್ರಿಗಳು ಬರೋಕೆ ಎಷ್ಟೋ ಮುಂಚಿನದು. (ಫೋಟೋ ತೆಗೆಯೋಕೆ ಬಿಡೋದಿಲ್ಲ, ಕ್ಯಾಮೆರಾ ತಗೊಂಡು ಹೋಗಬೇಡಿ.) ಇನ್ನು ಕಿವಾ ಅನ್ನುವ ಕೋಣೆಯೊಳಗೆ ನಡೆಯುವ ಆಚರಣೆಗಳಿಗೆ ಹೊರಗಿನವರಿಗೆ ಪ್ರವೇಶವೇ ಇಲ್ಲ.

ಇದೇನು ಸುಮ್ನೆ ಸಿಕ್ಕಿದ್ದಲ್ಲ. 17ನೇ ಶತಮಾನದಲ್ಲಿ ಸ್ಪೇನಿನ ಪಾದ್ರಿಗಳು ಕಿವಾಗಳಿಗೆ ಜನರನ್ನು ನುಗ್ಗಿಸಿ ಆಚರಣೆಯ ಮುಖವಾಡಗಳನ್ನು ಸುಡಿಸಿದ್ದರು. 1680ರಲ್ಲಿ ಪ್ವೆಬ್ಲೋ ಜನ ದಂಗೆ ಎದ್ದು ಸ್ಪೇನಿನವರನ್ನು ಓಡಿಸಿಬಿಟ್ಟರು. 1692ರಲ್ಲಿ ವಾಪಸ್ ಬಂದವರು ಮೊದಲಿನಷ್ಟು ಬಿಗಿ ಮಾಡಲಿಲ್ಲ.

ಎಲ್ಲರಿಗೂ ಆ ಅವಕಾಶ ಸಿಗಲಿಲ್ಲ. 1883ರಲ್ಲಿ ಅಮೆರಿಕ ಸರ್ಕಾರ ಲಕೋಟಾ ಮುಂತಾದ ಜನಾಂಗಗಳ ಪವಿತ್ರ ಕುಣಿತವಾದ ಸೂರ್ಯನೃತ್ಯವನ್ನೂ ಸಾಂಪ್ರದಾಯಿಕ ವೈದ್ಯರ ಪದ್ಧತಿಗಳನ್ನೂ ಅಪರಾಧ ಅಂದಿತು. ಲಕೋಟಾ ಜನಾಂಗದ ಬ್ಲ್ಯಾಕ್ ಎಲ್ಕ್ ಅನ್ನುವವನೂ ಅಂಥ ಒಬ್ಬ ವೈದ್ಯ. 1904ರಲ್ಲಿ ಕ್ಯಾಥೊಲಿಕನಾಗಿ, ನಿಕೊಲಸ್ ಅಂತ ಹೆಸರು ಪಡೆದು, ವರ್ಷಗಟ್ಟಲೆ ಧರ್ಮಬೋಧಕನಾಗಿ ಊರೂರು ತಿರುಗಿದ. ಅದೇ ಮನುಷ್ಯ ಮುಪ್ಪಿನಲ್ಲಿ ಲಕೋಟಾ ಆಚರಣೆಗಳನ್ನೆಲ್ಲ ಹೇಳಿ ಬರೆಸಿದ. ಅವನು 'ನಿಜವಾದ' ಕ್ಯಾಥೊಲಿಕನೋ ಅಲ್ವೋ ಅಂತ ವಾದ ಇನ್ನೂ ನಡೀತಾನೇ ಇದೆ. ಕಾನೂನಿನ ಒತ್ತಡ ಇದ್ದದ್ದು ಹೌದು, ಆದರೆ ಬರೀ ಹೆದರಿ ಯಾರೂ ಅಷ್ಟು ವರ್ಷ ಬೋಧನೆ ಮಾಡೋದಿಲ್ಲ ಅಂತ ನನ್ನ ಅನಿಸಿಕೆ. ಅವನನ್ನು ಸಂತ ಎಂದು ಘೋಷಿಸುವ ಪ್ರಕ್ರಿಯೆಯನ್ನು ಚರ್ಚ್ 2017ರಲ್ಲಿ ಶುರು ಮಾಡಿತು.

ಎರಡನ್ನೂ ಬೆರೆಸುವವರೂ ಇದ್ದಾರೆ. ಕೆನಡಾದ ಎಡ್ಮಂಟನ್‌ನಲ್ಲಿ ಮೂಲನಿವಾಸಿಗಳದೇ ಒಂದು ಕ್ಯಾಥೊಲಿಕ್ ಚರ್ಚ್ ಇದೆ. ಬಲಿಪೀಠದ ಮೇಲೆ ಟೀಪೀ ಗುಡಾರದ ಗಳುಗಳು ನಿಂತಿವೆ. ಸೇಜ್ ಎಲೆ, ಪರಿಮಳದ ಹುಲ್ಲು ಸುಟ್ಟು ಆ ಹೊಗೆಯನ್ನು ಮೈಗೆ ಸವರಿಕೊಂಡು ಪ್ರಾರ್ಥಿಸುತ್ತಾರೆ. ಧೂಪ ಚರ್ಚಿಗೆ ಹೊಸದೇನಲ್ಲವಲ್ಲ.

ಇಷ್ಟಾದರೂ ಎಲ್ಲರೂ ಒಪ್ಪಿಬಿಟ್ಟಿದ್ದಾರೆ ಅಂದುಕೊಳ್ಳಬೇಡಿ. ಡೋಲು ಬಡಿಯೋದು, ಹೊಗೆ ಹಾಕೋದು ಎಲ್ಲ ದೆವ್ವದ ಕೆಲಸ ಅನ್ನುವ ಮೂಲನಿವಾಸಿ ಇವ್ಯಾಂಜೆಲಿಕಲ್ (ಬೈಬಲ್ಲನ್ನೇ ಬಿಗಿಯಾಗಿ ಹಿಡಿದ ಪ್ರಾಟೆಸ್ಟೆಂಟ್) ಪಂಗಡಗಳಿವೆ. ಪವ್‌ವಾವ್ (ಮೂಲನಿವಾಸಿಗಳು ಸೇರಿ ನಡೆಸುವ ಉತ್ಸವ) ಕುಣಿತವನ್ನು ಕ್ರೈಸ್ತ ಆರಾಧನೆಗೆ ತಂದ ಲಕೋಟಾ ಬೋಧಕ ರಿಚರ್ಡ್ ಟ್ವಿಸ್ ಈ ಪಂಗಡದವರಿಂದ ಸಾಕಷ್ಟು ಬೈಸಿಕೊಂಡಿದ್ದರು. ಇನ್ನೊಂದು ಕಡೆ, ಮಕ್ಕಳನ್ನು ಮನೆಯಿಂದ ಕಿತ್ತುಕೊಂಡು ವಸತಿ ಶಾಲೆಗೆ ಹಾಕಿ ಭಾಷೆ ಮರೆಸಿದ ಚರ್ಚಿನ ಜೊತೆ ಹೊಂದಾಣಿಕೆಯೇ ಬೇಡ ಅನ್ನುವವರಿದ್ದಾರೆ. 2022ರಲ್ಲಿ ಪೋಪ್ ಫ್ರಾನ್ಸಿಸ್ ಕೆನಡಾಕ್ಕೇ ಹೋಗಿ ಕ್ಷಮೆ ಕೇಳಿದರು. ಸಾಲದು ಅಂದವರು ಅಲ್ಲೇ ಇದ್ದರು.